ಹಳೆಯ ಟ್ರ್ಯಾಕ್ಟರಿಗೆ ಮನೆಯಲ್ಲೇ ಹೊಸ ಬಣ್ಣ: ಕಡಿಮೆ ಖರ್ಚಿನ ಸಮಗ್ರ ಮಾರ್ಗದರ್ಶಿ

ಹಳೆಯ ಟ್ರ್ಯಾಕ್ಟರಿಗೆ ಹೊಸದಾಗಿ ಬಳಿದ ಬಣ್ಣ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಚಕ್ಕೆ ಚಕ್ಕೆಯಾಗಿ ಎದ್ದುಬಂದರೆ ದೋಷ ಬಣ್ಣದ ಡಬ್ಬಿಯಲ್ಲಿ ಇರುವುದು ಅಪರೂಪ. ಪೂರ್ತಿಯಾಗಿ ತೆಗೆಯದೆ ಉಳಿದ ಗ್ರೀಸು, ಮೇಲಷ್ಟೇ ಉಜ್ಜಿ ಬಿಟ್ಟ ತುಕ್ಕು, ಒಂದಕ್ಕೊಂದು ಹೊಂದದ ಪ್ರೈಮರ್ (ಬಣ್ಣದ ಕೆಳಗೆ ಹಚ್ಚುವ ಮೊದಲ ಪದರ) ಮತ್ತು ಥಿನ್ನರ್ (ಬಣ್ಣವನ್ನು ತೆಳುವಾಗಿಸುವ ದ್ರಾವಕ), ಕೆಳಗಿನದು ಒಣಗುವ ಮೊದಲೇ ಅವಸರದಲ್ಲಿ ಬಳಿದ ಮೇಲಿನ ಕೋಟ್, ಬಹುತೇಕ ಇವೇ ಕಾರಣಗಳು. ಇವುಗಳಲ್ಲಿ ಯಾವುದನ್ನೂ ಹಣ ಸುರಿದು ತಪ್ಪಿಸಬೇಕಾಗಿಲ್ಲ, ಸಮಯ ಕೊಟ್ಟು ತಪ್ಪಿಸಬಹುದು. ವರ್ಕ್‌ಶಾಪಿನ ಬಿಲ್ಲಿನಲ್ಲಿ ದೊಡ್ಡ ಪಾಲು ಕೂಲಿಯದು. ಆ ಕೂಲಿಯಲ್ಲಿ ಹೆಚ್ಚಿನದು ಗನ್ ಹಿಡಿದು ಬಣ್ಣ ಹೊಡೆಯುವುದಕ್ಕಲ್ಲ, ಬಿಚ್ಚುವುದು, ತೊಳೆಯುವುದು ಮತ್ತು ಉಜ್ಜುವುದಕ್ಕೆ ಹೋಗುತ್ತದೆ. ಅಷ್ಟನ್ನು ನಾವೇ ಮಾಡಿಕೊಂಡರೆ ಉಳಿಯುವ ಖರ್ಚು ಪ್ರೈಮರ್, ಬಣ್ಣ, ಥಿನ್ನರ್, ಉಪ್ಪುಕಾಗದ ಮತ್ತು ಉಸಿರಿನ ರಕ್ಷಣೆಯ ಸಾಧನಗಳದ್ದು ಮಾತ್ರ. ಈ ಐದರಲ್ಲಿ ಉಳಿತಾಯ ಮಾಡಲು ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲಸ ಆರಂಭಿಸುವ ಮೊದಲು ಒಂದು ತೀರ್ಮಾನ ಆಗಬೇಕು. ಈ ಟ್ರ್ಯಾಕ್ಟರ್ ಮತ್ತೆ ಹೊಲಕ್ಕಿಳಿದು ಕೆಸರು, ಗೊಬ್ಬರ, ಡೀಸೆಲ್ ಮೈಮೇಲೆ ಬೀಳಿಸಿಕೊಳ್ಳುವಂಥದ್ದೋ ಅಥವಾ ಮೂಲರೂಪದಲ್ಲಿ ಉಳಿಸಿ ಪ್ರದರ್ಶನಕ್ಕೆ ಇಡುವಂಥದ್ದೋ? ದುಡಿಯುವ ಯಂತ್ರಕ್ಕೆ ಕಾರಿನ ಮೈಯಂಥ ಹೊಳಪು ಅನಗತ್ಯ. ಅದಕ್ಕೆ ಬೇಕಾದದ್ದು ಗೀರು ಬಿದ್ದರೂ ಕೆಳಗೆ ತುಕ್ಕು ಹರಡದ, ಮುಂದೆ ಬ್ರಷ್ಷಿನಿಂದಲೇ ತೇಪೆ ಹಾಕಬಹುದಾದ ಗಟ್ಟಿ ಪದರ. ಈ ಬರಹದಲ್ಲಿ ಹೇಳಿರುವುದೆಲ್ಲ ಮುಖ್ಯವಾಗಿ ಅಂಥ ಟ್ರ್ಯಾಕ್ಟರನ್ನು ಮನಸ್ಸಿನಲ್ಲಿಟ್ಟುಕೊಂಡು.

ಎಂಜಿನ್, ಗೇರ್‌ಬಾಕ್ಸ್ ಅಥವಾ ಹೈಡ್ರಾಲಿಕ್ಸ್ ಭಾಗದಲ್ಲಿ ಆಯಿಲ್ ಸೋರಿಕೆ ಇದ್ದರೆ ಬಣ್ಣದ ಮಾತು ಆಮೇಲೆ. ಗ್ಯಾಸ್ಕೆಟ್, ಆಯಿಲ್ ಸೀಲ್, ಡೀಸೆಲ್ ಪೈಪಿನ ವಾಷರ್ ಮೊದಲಾದವನ್ನು ಮೊದಲೇ ಬದಲಿಸಬೇಕು. ಸೋರುವ ಜಾಗದ ಮೇಲೆ ಎಂಥ ಬೆಲೆಬಾಳುವ ಬಣ್ಣವೂ ನಿಲ್ಲುವುದಿಲ್ಲ. ಯಂತ್ರದ ರಿಪೇರಿ ಬಾಕಿಯಿದ್ದರೆ ಅದೂ ಮೊದಲೇ ಮುಗಿಯಲಿ. ಹೊಸ ಬಣ್ಣದ ನಟ್ಟುಗಳ ಮೇಲೆ ಸ್ಪ್ಯಾನರ್ ಆಡಿಸಿದರೆ ಅಂಚುಗಳಲ್ಲಿ ಬಣ್ಣ ಎದ್ದು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ಯಾವ ಬಣ್ಣ, ಎಷ್ಟು ಬಣ್ಣ

ಮನೆಯಲ್ಲಿ ಕೆಲಸ ಮಾಡುವವರಿಗೆ ಸಿಂಥೆಟಿಕ್ ಎನಾಮೆಲ್ ಅತ್ಯಂತ ಸೂಕ್ತ. ಅದು ಅಗ್ಗ, ಬ್ರಷ್ಷಿಗೂ ಸ್ಪ್ರೇ ಗನ್ನಿಗೂ ಒಗ್ಗುತ್ತದೆ, ದಪ್ಪನೆಯ ಪದರ ಕೊಡುತ್ತದೆ, ಸಣ್ಣಪುಟ್ಟ ಕುಂದುಗಳನ್ನು ಹರಿದು ಮುಚ್ಚಿಕೊಳ್ಳುತ್ತದೆ. ಒಣಗಲು ಹೆಚ್ಚು ಹೊತ್ತು ಬೇಕು ಎಂಬುದು ಅದರ ಮುಖ್ಯ ಕೊರತೆ. ಕಾರುಗಳಿಗೆ ಬಳಸುವ, ಹಚ್ಚುವ ಮುನ್ನ ಹಾರ್ಡನರ್ (ಗಟ್ಟಿಯಾಗಿಸುವ ರಾಸಾಯನಿಕ) ಬೆರೆಸಬೇಕಾದ ಎರಡು ಘಟಕಗಳ ಪಾಲಿಯುರೆಥೇನ್ ಬಣ್ಣ ಇದಕ್ಕಿಂತ ಗಟ್ಟಿ, ಹೊಳಪೂ ಹೆಚ್ಚು ಕಾಲ ಉಳಿಯುತ್ತದೆ. ಆದರೆ ಅದರ ಹಾರ್ಡನರಿನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕವಿದೆ. ಸ್ಪ್ರೇ ಮಾಡುವಾಗ ಅದರ ಮಂಜು ಉಸಿರಿನೊಂದಿಗೆ ಒಳಹೋದರೆ ಜೀವನಪೂರ್ತಿ ಕಾಡುವ ಆಸ್ತಮಾ ಬರಬಹುದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡವಿಲ್ಲದೆ ಅದನ್ನು ಸ್ಪ್ರೇ ಮಾಡಕೂಡದು. ಎನಾಮೆಲಿಗೇ ಬೆರೆಸಿ ಹೊಳಪು ಹೆಚ್ಚಿಸುವ ಹಾರ್ಡನರುಗಳಲ್ಲಿಯೂ ಸಾಮಾನ್ಯವಾಗಿ ಇದೇ ರಾಸಾಯನಿಕ ಇರುತ್ತದೆ, ಆದ್ದರಿಂದ ಮನೆಯ ಕೆಲಸದಲ್ಲಿ ಅದನ್ನೂ ಬಿಟ್ಟುಬಿಡುವುದೇ ಕ್ಷೇಮ.

ಇನ್ನು ನೈಟ್ರೋಸೆಲ್ಯುಲೋಸ್ ಬಣ್ಣ, ಅಂದರೆ ಎಲ್ಲರೂ ಎನ್‌ಸಿ ಎಂದು ಕರೆಯುವ ಬಣ್ಣ, ನಿಮಿಷಗಳಲ್ಲಿ ಒಣಗುತ್ತದೆ, ಆದರೆ ಪದರ ತೆಳು, ಡೀಸೆಲ್ ತಾಗಿದರೆ ಬೇಗ ಕೆಡುತ್ತದೆ. ಅದಕ್ಕಿಂತ ಮುಖ್ಯವಾದ ಎಚ್ಚರಿಕೆಯೆಂದರೆ, ಎನಾಮೆಲ್ ಮೇಲೆ ಎನ್‌ಸಿ ಬಣ್ಣವನ್ನೋ ಎನ್‌ಸಿ ಥಿನ್ನರನ್ನೋ ಹಾಕಿದರೆ ಕೆಳಗಿನ ಪದರ ಮೆತ್ತಗಾಗಿ ಸುಕ್ಕುಗಟ್ಟಿ ಏಳುತ್ತದೆ. ಟ್ರ್ಯಾಕ್ಟರಿನ ಮೇಲೆ ಈಗಿರುವ ಬಣ್ಣ ಯಾವ ಜಾತಿಯದು ಎಂದು ತಿಳಿಯಲು ಮರೆಯಲ್ಲಿರುವ ಒಂದು ಜಾಗದಲ್ಲಿ ಎನ್‌ಸಿ ಥಿನ್ನರ್ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಒರೆಸಬೇಕು. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಎನ್‌ಸಿ, ಸುಕ್ಕುಗಟ್ಟಿದರೆ ಎನಾಮೆಲ್, ಏನೂ ಆಗದಿದ್ದರೆ ಎರಡು ಘಟಕದ್ದೋ ಕಾರ್ಖಾನೆಯಲ್ಲಿ ಬೇಯಿಸಿದ್ದೋ ಆಗಿರುತ್ತದೆ.

ಮೂಲ ಬಣ್ಣದ ಛಾಯೆಯನ್ನು ಹೊಂದಿಸಲು ಬಾನೆಟ್ಟಿನ ಮೇಲ್ಭಾಗವನ್ನು ತೋರಿಸಬಾರದು, ಅದು ಬಿಸಿಲಿಗೆ ಮಾಸಿರುತ್ತದೆ. ಮೀಟರ್ ಬೋರ್ಡಿನ ಹಿಂಭಾಗ, ಟೂಲ್‌ಬಾಕ್ಸಿನ ಅಡಿ, ಲಾಂಛನದ ತಗಡಿನ ಕೆಳಗೆ ಬಿಸಿಲು ತಾಗದ ಬಣ್ಣ ಸಿಗುತ್ತದೆ. ಆ ಜಾಗವನ್ನು ರಬ್ಬಿಂಗ್ ಕಾಂಪೌಂಡಿನಿಂದ ಉಜ್ಜಿ ಹೊಳಪು ಬಂದ ಮೇಲೆ ಹೋಲಿಸಿ ನೋಡಬೇಕು. ಮೂಲರೂಪ ಉಳಿಸಬೇಕೆನ್ನುವವರು ಮಾದರಿಯ ವರ್ಷವನ್ನೂ ಗಮನಿಸಬೇಕು, ಏಕೆಂದರೆ ಒಂದೇ ಕಂಪನಿಯ ಬಣ್ಣ ಕಾಲಕಾಲಕ್ಕೆ ಬದಲಾಗಿದೆ. 1946ರಿಂದ 1956ರವರೆಗೆ ತಯಾರಾದ ಫರ್ಗುಸನ್ ಟಿಇ20 ತಲೆಯಿಂದ ಚಕ್ರದವರೆಗೆ ಬೂದುಬಣ್ಣದ್ದು. ಅದೇ ವಂಶದ ಮುಂದಿನ ಮ್ಯಾಸಿ ಫರ್ಗುಸನ್ 35ಕ್ಕೆ ಕೆಂಪು ಬಾನೆಟ್ ಮತ್ತು ಬೂದು ಎಂಜಿನ್ ಬಂದವು. ಎಲ್ಲ ಕೆಂಪು ಬಣ್ಣವೂ ಒಂದೇ ಕೆಂಪಲ್ಲ.

ಪ್ರಮಾಣದ ವಿಷಯಕ್ಕೆ ಬಂದರೆ, ಒಂದು ಲೀಟರ್ ಎನಾಮೆಲ್ ಒಂದು ಕೋಟಿನಲ್ಲಿ ಸುಮಾರು 10 ಚದರ ಮೀಟರ್ ಆವರಿಸುತ್ತದೆ. ಸ್ಪ್ರೇ ಮಾಡಿದರೆ ಮೂರನೆಯ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಗಾಳಿಗೆ ಹೋಗುತ್ತದೆ. ಮಧ್ಯಮ ಗಾತ್ರದ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ 4 ಲೀಟರ್ ಮೈಬಣ್ಣ, ಹೆಚ್ಚುಕಡಿಮೆ ಅಷ್ಟೇ ಪ್ರೈಮರ್, ಚಕ್ರಗಳ ಬಣ್ಣ ಬೇರೆಯಾದರೆ ಅದಕ್ಕೆ 1ರಿಂದ 2 ಲೀಟರ್ ಬೇಕಾಗುತ್ತದೆ. ಮೈಬಣ್ಣವನ್ನು ಒಂದೇ ಸಲ, ಒಂದೇ ಬ್ಯಾಚಿನದನ್ನು ಕೊಳ್ಳಬೇಕು. ಒಂದಕ್ಕಿಂತ ಹೆಚ್ಚು ಡಬ್ಬಿಗಳಿದ್ದರೆ ಎಲ್ಲವನ್ನೂ ಒಂದು ದೊಡ್ಡ ಬಕೆಟ್ಟಿಗೆ ಸುರಿದು ಕಲಸಿದ ಮೇಲೆ ಬಳಸಬೇಕು. ಇಲ್ಲದಿದ್ದರೆ ಬಾನೆಟ್ ಒಂದು ಛಾಯೆ, ಮಡ್‌ಗಾರ್ಡ್ ಇನ್ನೊಂದು ಛಾಯೆ ಆಗುವ ಸಾಧ್ಯತೆ ಇದೆ.

ಬಿಚ್ಚುವ ಕೆಲಸ

ಬಿಚ್ಚುವ ಮುನ್ನ ಎಲ್ಲ ಕೋನಗಳಿಂದ ಫೋಟೊ ತೆಗೆದುಕೊಳ್ಳಬೇಕು. ವೈರುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ, ಯಾವ ಬೋಲ್ಟಿನ ಕೆಳಗೆ ಯಾವ ವಾಷರ್ ಇತ್ತು, ಸ್ಟಿಕ್ಕರಿನ ಅಂಚು ಬಾನೆಟ್ಟಿನ ಅಂಚಿನಿಂದ ಎಷ್ಟು ದೂರದಲ್ಲಿತ್ತು ಎಂಬುದು ಕೆಲವು ವಾರಗಳ ನಂತರ ನೆನಪಿರುವುದಿಲ್ಲ. ಸ್ಟಿಕ್ಕರುಗಳಿಗೆ ಟೇಪು ಹಿಡಿದು ಅಳತೆ ಬರೆದಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ನಂತರ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು, ಪಾಸಿಟಿವ್ ತಂತಿಯನ್ನು ಆಮೇಲೆ ತೆಗೆದು ಬ್ಯಾಟರಿಯನ್ನು ಹೊರಗಿಡಬೇಕು. ಬಾನೆಟ್, ಮಡ್‌ಗಾರ್ಡ್, ಗ್ರಿಲ್, ದೀಪಗಳು, ಸೀಟು, ಬ್ಯಾಟರಿ ಪೆಟ್ಟಿಗೆ, ಸೈಲೆನ್ಸರ್ ಇಷ್ಟನ್ನಾದರೂ ಬಿಚ್ಚಲೇಬೇಕು. ಡೀಸೆಲ್ ಟ್ಯಾಂಕ್ ಬಿಚ್ಚಿದರೆ ಅದನ್ನು ಗ್ರೈಂಡರಿನ ಕಿಡಿಗಳಿಂದ ದೂರ ಒಯ್ಯಬೇಕು, ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟಿದ್ದರೆ ಅರ್ಧ ಕೆಲಸ ಹಗುರ. ಬಿಚ್ಚಿದ ಬೋಲ್ಟುಗಳನ್ನು ಭಾಗವಾರು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಹೆಸರು ಬರೆದಿಡಬೇಕು. ಚಾಸಿ ಸಂಖ್ಯೆಯ ಫಲಕವನ್ನು ಬಿಚ್ಚಲು ಹೋಗದೆ ಟೇಪಿನಿಂದ ಮುಚ್ಚುವುದು ಉತ್ತಮ. ಅದರ ಮೇಲೆ ಉಪ್ಪುಕಾಗದ ಆಡಿಸಿ ಅಕ್ಷರ ಅಳಿಸಿಹೋದರೆ ಟ್ರ್ಯಾಕ್ಟರಿನ ಗುರುತೇ ಹೋದಂತೆ. ಚಕ್ರ ತೆಗೆಯುವುದಾದರೆ ಜಾಕಿನ ಮೇಲೆ ಭಾರ ಬಿಟ್ಟು ಕೆಲಸ ಮಾಡಬಾರದು. ಗಟ್ಟಿಯಾದ ಸ್ಟ್ಯಾಂಡ್ ಅಥವಾ ಅಡ್ಡಡ್ಡ ಪೇರಿಸಿದ ದಪ್ಪ ಮರದ ತೊಲೆಗಳ ಮೇಲೆ ಆಕ್ಸಲನ್ನು ಕೂರಿಸಬೇಕು. ಇಟ್ಟಿಗೆ ಮತ್ತು ಸಿಮೆಂಟ್ ಬ್ಲಾಕುಗಳು ಸೂಚನೆಯಿಲ್ಲದೆ ಸಿಡಿದು ಒಡೆಯುತ್ತವೆ.

ತೊಳೆಯುವುದು

ಉಜ್ಜುವ ಮೊದಲು ತೊಳೆಯಬೇಕು. ಈ ಕ್ರಮ ಎಂದಿಗೂ ಹಿಂದುಮುಂದಾಗಬಾರದು, ಏಕೆಂದರೆ ಗ್ರೀಸಿನ ಮೇಲೆ ತಂತಿ ಬ್ರಷ್ ಆಡಿಸಿದರೆ ಗ್ರೀಸು ಹೋಗುವ ಬದಲು ಲೋಹದ ಗೀರುಗಳೊಳಗೆ ಸೇರಿ ಕೂರುತ್ತದೆ, ಆಮೇಲೆ ಅದನ್ನು ಹೊರತೆಗೆಯುವುದು ಬಹಳ ಕಷ್ಟ. ವರ್ಷಗಟ್ಟಲೆ ಮಣ್ಣು ಮತ್ತು ಆಯಿಲ್ ಬೆರೆತು ಗಟ್ಟಿಯಾದ ಹೊರೆಯನ್ನು ಮೊದಲು ಕರಣೆಯಿಂದಲೋ ಮರದ ಚಕ್ಕೆಯಿಂದಲೋ ಕೆರೆದು ತೆಗೆಯಬೇಕು. ಉಳಿದದ್ದಕ್ಕೆ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ನೆನೆಯಲು ಬಿಟ್ಟು ಬ್ರಷ್ಷಿನಿಂದ ಉಜ್ಜಬಹುದು. ಆದರೆ ಇವೆರಡೂ ತಾವೇ ಒಂದು ಎಣ್ಣೆಯ ಪದರವನ್ನು ಬಿಟ್ಟುಹೋಗುತ್ತವೆ, ಆದ್ದರಿಂದ ಇವುಗಳಿಂದ ತೊಳೆದ ಮಾತ್ರಕ್ಕೆ ಲೋಹ ಶುಚಿಯಾಯಿತೆಂದು ತಿಳಿಯಬಾರದು. ಇದಾದ ಮೇಲೆ ಬಿಸಿನೀರಿನಲ್ಲಿ ಕದಡಿದ ಡಿಟರ್ಜೆಂಟ್ ಪುಡಿಯಿಂದ ಎರಡು ಸಲ ತಿಕ್ಕಿ ತೊಳೆದು ಧಾರಾಳ ನೀರು ಹಾಯಿಸಬೇಕು. ಕಾಸ್ಟಿಕ್ ಸೋಡ ಇನ್ನೂ ಪ್ರಬಲವಾದದ್ದೇನೋ ನಿಜ, ಆದರೆ ಅದು ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ, ಚರ್ಮ ಮತ್ತು ಕಣ್ಣುಗಳನ್ನು ಸುಡುತ್ತದೆ.

ಪ್ರೆಷರ್ ವಾಷರ್ ಬಳಸುವವರು ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಬಳಸಬೇಕು. ಬಿಸಿಯಿರುವ ಫ್ಯೂಯಲ್ ಇಂಜೆಕ್ಷನ್ ಪಂಪಿನ ಮೇಲೆ ತಣ್ಣೀರು ಬಿದ್ದರೆ ಒಳಗಿನ ಬಿಡಿಭಾಗಗಳು ಹಿಡಿದುಕೊಳ್ಳಬಹುದು. ಡೈನಮೊ, ಸ್ಟಾರ್ಟರ್, ಏರ್ ಕ್ಲೀನರಿನ ಬಾಯಿ, ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಹೋಗುವ ತೂತು), ಆಯಿಲ್ ಡಿಪ್‌ಸ್ಟಿಕ್ಕಿನ ತೂತು ಇವನ್ನು ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಕಟ್ಟಬೇಕು, ನೀರಿನ ರಭಸವನ್ನು ಆಯಿಲ್ ಸೀಲುಗಳ ಕಡೆಗೂ ರೇಡಿಯೇಟರಿನ ತೆಳು ಎಲೆಗಳ ಕಡೆಗೂ ನೇರವಾಗಿ ತಿರುಗಿಸಬಾರದು. ತೊಳೆದ ಕೊಳೆನೀರು ಬಾವಿಗೂ ಚರಂಡಿಗೂ ಸೇರದಂತೆ ಜಾಗ ನೋಡಿಕೊಳ್ಳಬೇಕು. ಹಳೆಯ ಟ್ರ್ಯಾಕ್ಟರುಗಳ ಬ್ರೇಕ್ ಮತ್ತು ಕ್ಲಚ್ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದಾದ್ದರಿಂದ ಆ ಭಾಗದ ಧೂಳನ್ನು ಕಂಪ್ರೆಸರಿನ ಗಾಳಿಯಿಂದ ಊದುವುದು ಸಲ್ಲದು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ತೊಳೆದದ್ದು ಸರಿಯಾಯಿತೇ ಎಂದು ನೋಡಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಆ ಭಾಗದ ಮೇಲೆ ಒಂದು ಲೋಟ ಶುದ್ಧ ನೀರನ್ನು ನಿಧಾನವಾಗಿ ಹರಿಸಿ, ಬಗ್ಗಿ ನೋಡಬೇಕು. ನೀರು ಒಂದೇ ತೆಳು ಹಾಳೆಯಾಗಿ ಹರಡಿ ಅರ್ಧ ನಿಮಿಷ ಹಾಗೆಯೇ ನಿಂತರೆ ಲೋಹ ಶುಚಿಯಾಗಿದೆ. ನಡುವೆ ಹರಿದು, ಅಂಚುಗಳು ಹಿಂದೆ ಸರಿದು, ಹನಿಹನಿಯಾಗಿ ಮುದುಡಿದರೆ ಆ ಹನಿಗಳ ಸುತ್ತ ಎಣ್ಣೆ ಇನ್ನೂ ಇದೆ ಎಂದರ್ಥ. ಗೇರ್‌ಬಾಕ್ಸಿನ ಅಡಿಭಾಗ, ಸ್ಟೀರಿಂಗ್ ಪೆಟ್ಟಿಗೆಯ ಸುತ್ತ, ಬೋಲ್ಟಿನ ತಲೆಗಳ ಬುಡ ಈ ಪರೀಕ್ಷೆಯಲ್ಲಿ ಒಂದೇ ಸಲಕ್ಕೆ ತೇರ್ಗಡೆಯಾಗುವುದು ಕಡಿಮೆ. ಬೇಸರಪಡದೆ ಮತ್ತೊಮ್ಮೆ ತೊಳೆಯಬೇಕು.

ತುಕ್ಕು ಮತ್ತು ಹಳೆಯ ಬಣ್ಣ

ಹಳೆಯ ಬಣ್ಣವನ್ನೆಲ್ಲ ಕಿತ್ತು ಬರೀ ಲೋಹಕ್ಕೆ ತರಬೇಕೆಂಬ ನಿಯಮವಿಲ್ಲ. ಗಟ್ಟಿಯಾಗಿ ಅಂಟಿಕೊಂಡಿರುವ ಕಾರ್ಖಾನೆಯ ಬಣ್ಣ ಒಳ್ಳೆಯ ತಳಹದಿಯೇ ಆಗಿರುತ್ತದೆ. ಚೂಪಾದ ಚಾಕುವಿನಿಂದ ಬಣ್ಣದ ಮೇಲೆ ಅಡ್ಡ ಮತ್ತು ಉದ್ದ ಗೀರುಗಳನ್ನೆಳೆದು ಟೇಪನ್ನು ಒತ್ತಿ ಅಂಟಿಸಿ ಥಟ್ಟನೆ ಕಿತ್ತರೆ, ಚೌಕಗಳು ಟೇಪಿನೊಂದಿಗೆ ಬರದೆ ಉಳಿದ ಕಡೆ ಬಣ್ಣವನ್ನು ಉಳಿಸಿಕೊಳ್ಳಬಹುದು. ಅಲ್ಲಿ 180ರಿಂದ 320ನೇ ನಂಬರಿನ ಉಪ್ಪುಕಾಗದದಿಂದ ಹೊಳಪು ಪೂರ್ತಿ ಹೋಗುವಂತೆ ಉಜ್ಜಿದರೆ ಸಾಕು. ಬೊಬ್ಬೆ ಎದ್ದ, ಚಕ್ಕೆ ಬಿಟ್ಟ, ಬ್ರಷ್ಷಿನಿಂದ ಪದರದ ಮೇಲೆ ಪದರ ಬಳಿದ ಕಡೆಗಳಲ್ಲಿ ಮಾತ್ರ ಲೋಹದವರೆಗೆ ಹೋಗಬೇಕಾಗುತ್ತದೆ. ಹೀಗೆ ಕೆರೆದ ಜಾಗಕ್ಕೂ ಉಳಿದ ಬಣ್ಣಕ್ಕೂ ನಡುವಿನ ಮೆಟ್ಟಿಲನ್ನು ಬೆರಳ ತುದಿಗೆ ತಾಗದಷ್ಟು ಸವೆಸಬೇಕು. ಬೆರಳಿಗೆ ಸಿಗುವ ಅಂಚು ಮೂರು ಕೋಟ್ ಬಣ್ಣದ ಮೇಲೂ ಕಣ್ಣಿಗೆ ಕಾಣುತ್ತದೆ.

ಹಲವು ದಶಕಗಳ ಹಿಂದಿನ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅಂಥ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು, ನೀರು ಹಚ್ಚಿ ಉಜ್ಜಬೇಕು ಇಲ್ಲವೇ ಪೇಂಟ್ ರಿಮೂವರ್ ಬಳಸಬೇಕು. ಉದುರಿದ್ದನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಡಿದು ಕಟ್ಟಿಡಬೇಕು, ಮಕ್ಕಳು ಮತ್ತು ದನಕರುಗಳು ಓಡಾಡುವ ಅಂಗಳದಲ್ಲಿ ಈ ಕೆಲಸ ಬೇಡವೇ ಬೇಡ.

ಹೆಪ್ಪುಗಟ್ಟಿದ ತುಕ್ಕಿಗೆ ಗ್ರೈಂಡರಿಗೆ ಹಾಕುವ ಬಟ್ಟಲಿನಾಕಾರದ ತಂತಿ ಬ್ರಷ್ ಬಹಳ ಪರಿಣಾಮಕಾರಿ. ಅದರಿಂದ ತಂತಿಯ ತುಂಡುಗಳು ಸೂಜಿಯಂತೆ ಹಾರುತ್ತವೆ. ಕನ್ನಡಕದ ಜೊತೆಗೆ ಮುಖವನ್ನು ಪೂರ್ತಿ ಮುಚ್ಚುವ ಶೀಲ್ಡ್, ದಪ್ಪ ಬಟ್ಟೆ, ಕೈಗವಸು ಇಲ್ಲದೆ ಗ್ರೈಂಡರನ್ನು ಮುಟ್ಟಬಾರದು. ಬ್ಯಾಟರಿ ಪೆಟ್ಟಿಗೆಯ ತಳ, ಮಡ್‌ಗಾರ್ಡ್ ಆಕ್ಸಲ್ ಮೇಲೆ ಕೂರುವ ಜಾಗ, ಫುಟ್‌ಬೋರ್ಡಿನ ಅಡಿ, ರಿಮ್ಮಿನ ಒಳಂಚು ಈ ನಾಲ್ಕು ಕಡೆ ತುಕ್ಕು ಆಳಕ್ಕೆ ಇಳಿದಿರುತ್ತದೆ. ಸ್ಕ್ರೂಡ್ರೈವರಿನ ಮೊನೆಯಿಂದ ಕುಟ್ಟಿ ನೋಡಿ, ತಗಡು ತೂತು ಬೀಳುವಷ್ಟು ತೆಳುವಾಗಿದ್ದರೆ ಹೊಸ ತುಂಡನ್ನು ಬೆಸೆಯಿಸಬೇಕೇ ಹೊರತು ಪುಟ್ಟಿ ಮೆತ್ತಿ ಮುಚ್ಚಬಾರದು. ಬ್ಯಾಟರಿ ಆಸಿಡ್ ಚೆಲ್ಲಿದ ಜಾಗವನ್ನು ಅಡುಗೆ ಸೋಡ ಕದಡಿದ ನೀರಿನಿಂದ, ನೊರೆ ನಿಲ್ಲುವವರೆಗೆ ತೊಳೆದು ಶುದ್ಧ ನೀರು ಹಾಕಬೇಕು.

ಬ್ರಷ್ಷಿಗೆ ನಿಲುಕದ ಸಣ್ಣ ಕುಳಿಗಳಲ್ಲಿ ಉಳಿಯುವ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಬಹುದು. ಅದು ಉಳಿದ ತುಕ್ಕನ್ನು ಕಪ್ಪಗಿನ, ಸ್ಥಿರವಾದ ಫಾಸ್ಫೇಟ್ ಪದರವಾಗಿಸುತ್ತದೆ. ಸಡಿಲ ತುಕ್ಕಿನ ಮೇಲೆ ಅದು ಕೆಲಸ ಮಾಡುವುದಿಲ್ಲ. ಹಚ್ಚಿದ ಮೇಲೆ ತೊಳೆಯಬೇಕೋ ಬೇಡವೋ ಎಂಬುದು ಡಬ್ಬಿಯಿಂದ ಡಬ್ಬಿಗೆ ಬೇರೆ, ಸೂಚನೆಯನ್ನು ಓದಿಯೇ ಮುಂದುವರಿಯಬೇಕು. ಆಸಿಡ್ ಉಳಿದ ಜಾಗದ ಮೇಲೆ ಎಪಾಕ್ಸಿ ಪ್ರೈಮರ್ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಬ್ರಾಕೆಟ್, ಸರಳು, ಹುಕ್ಕುಗಳಂಥ ಸಣ್ಣ ಕಬ್ಬಿಣದ ಭಾಗಗಳಿಗೆ ವಿದ್ಯುದ್ವಿಭಜನೆಯ ವಿಧಾನ ಬಹಳ ಅಗ್ಗ ಮತ್ತು ಸೊಗಸಾದದ್ದು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡ ಕರಗಿಸಿ, ಹಳೆಯ ಮಾದರಿಯ 12 ವೋಲ್ಟ್ ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿಯನ್ನು ತುಕ್ಕು ಹಿಡಿದ ಭಾಗಕ್ಕೂ ಪಾಸಿಟಿವ್ ತಂತಿಯನ್ನು ಯಾವುದಾದರೊಂದು ಹಳೆಯ ಕಬ್ಬಿಣದ ತುಂಡಿಗೂ ಜೋಡಿಸಿ, ಎರಡೂ ಒಂದಕ್ಕೊಂದು ತಾಗದಂತೆ ಮುಳುಗಿಸಿದರೆ ಕೆಲವು ಗಂಟೆಗಳಲ್ಲಿ ತುಕ್ಕು ಕಪ್ಪು ರಾಡಿಯಾಗಿ ಬಿಡುತ್ತದೆ. ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ, ಆದ್ದರಿಂದ ಅದು ನಿಷಿದ್ಧ. ಈ ಕ್ರಿಯೆಯಲ್ಲಿ ಹೈಡ್ರೋಜನ್ ಹೊರಡುವುದರಿಂದ ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡಬೇಕು. ಚಾರ್ಜರನ್ನು ಆರಿಸಿದ ಮೇಲೆಯೇ ನೀರಿಗೆ ಕೈ ಹಾಕಬೇಕು. ಅಲ್ಯೂಮಿನಿಯಂ ಭಾಗಗಳನ್ನು ಇದರಲ್ಲಿ ಮುಳುಗಿಸಬಾರದು.

ಡೊಂಕು ತಿದ್ದುವುದು

ಬಾನೆಟ್ ಮತ್ತು ಮಡ್‌ಗಾರ್ಡುಗಳ ತಗ್ಗುಗಳನ್ನು ಹಿಂಬದಿಯಿಂದ ಸುತ್ತಿಗೆ, ಮುಂಬದಿಯಲ್ಲಿ ಗಟ್ಟಿ ಕಬ್ಬಿಣದ ಆಸರೆ ಇಟ್ಟು ಸಾಧ್ಯವಾದಷ್ಟು ಎತ್ತಬೇಕು. ಉಳಿದ ಸಣ್ಣ ತಗ್ಗಿಗೆ ಮಾತ್ರ ಪಾಲಿಯೆಸ್ಟರ್ ಪುಟ್ಟಿ. ಅದನ್ನು 80ರ ಉಪ್ಪುಕಾಗದದಿಂದ ಗೀರು ಮಾಡಿದ ಬರೀ ಲೋಹದ ಮೇಲೆ ಅಥವಾ ಒಣಗಿದ ಎಪಾಕ್ಸಿ ಪ್ರೈಮರಿನ ಮೇಲೆ ಹಚ್ಚಬೇಕು. ರೆಡ್ ಆಕ್ಸೈಡ್ ಪ್ರೈಮರಿನ ಮೇಲೆ ಹಚ್ಚಿದರೆ ಕೆಳಗಿನ ಪದರ ಮೆತ್ತಗಾಗಿ ಪುಟ್ಟಿ ಏಳಬಹುದು. ಹಾರ್ಡನರ್ ತೂಕದಲ್ಲಿ ಸುಮಾರು 2 ಶೇಕಡಾ ಸಾಕು. ಒಂದು ಸಲಕ್ಕೆ 3 ಮಿಲಿಮೀಟರಿಗಿಂತ ದಪ್ಪ ಹಚ್ಚಬಾರದು. ನಡುಗುವ ಯಂತ್ರದ ಮೇಲೆ ದಪ್ಪ ಪುಟ್ಟಿ ಬಿರುಕು ಬಿಡದೆ ಇರುವುದಿಲ್ಲ.

ಪ್ರೈಮರ್

ಬರೀ ಲೋಹವನ್ನು ಒಂದು ರಾತ್ರಿಯೂ ಹಾಗೆಯೇ ಬಿಡಬಾರದು, ತೇವದ ಗಾಳಿಯಲ್ಲಿ ಬೆಳಗಾಗುವಷ್ಟರಲ್ಲಿ ತೆಳು ಕಂದು ತುಕ್ಕು ಕೂರುತ್ತದೆ. ಆದ್ದರಿಂದ ಒಂದು ದಿನದಲ್ಲಿ ಎಷ್ಟು ಭಾಗಕ್ಕೆ ಪ್ರೈಮರ್ ಹಚ್ಚಲು ಸಾಧ್ಯವೋ ಅಷ್ಟನ್ನೇ ಆ ದಿನ ಉಜ್ಜಬೇಕು. ಹಚ್ಚುವ ಮುನ್ನ ಎರಡು ಶುಭ್ರ ಬಟ್ಟೆಗಳನ್ನು ತೆಗೆದುಕೊಂಡು, ಒಂದನ್ನು ಎನ್‌ಸಿ ಥಿನ್ನರಿನಲ್ಲಿ ಅದ್ದಿ ಒರೆಸುತ್ತ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಹಿಂದೆಯೇ ಒರೆಸಿಕೊಂಡು ಹೋಗಬೇಕು. ಒಂದೇ ಬಟ್ಟೆಯಿಂದ ಒರೆಸಿದರೆ ಕರಗಿದ ಜಿಡ್ಡು ಮತ್ತೆ ಅಲ್ಲಿಯೇ ಒಣಗಿ ಕೂರುತ್ತದೆ. ಹಳೆಯ ಬಣ್ಣ ಉಳಿಸಿಕೊಂಡ ಕಡೆ ಎನ್‌ಸಿ ಥಿನ್ನರಿನ ಬದಲು ಮಿನರಲ್ ಟರ್ಪೆಂಟೈನ್ ಬಳಸಬೇಕು. ಒರೆಸಿದ ಮೇಲೆ ಬರಿಗೈಯಿಂದ ಮುಟ್ಟಬಾರದು.

ರೆಡ್ ಆಕ್ಸೈಡ್ ಜಿಂಕ್ ಫಾಸ್ಫೇಟ್ ಪ್ರೈಮರ್ ಅಗ್ಗ, ಎನಾಮೆಲಿಗೆ ಚೆನ್ನಾಗಿ ಹೊಂದುತ್ತದೆ, ಚಾಸಿ ಮತ್ತು ಗೇರ್‌ಬಾಕ್ಸಿಗೆ ಅದು ಸಾಕು. ಬಾನೆಟ್, ಮಡ್‌ಗಾರ್ಡ್, ರಿಮ್ಮುಗಳಂಥ ತೆಳು ತಗಡಿಗೆ ಎರಡು ಘಟಕಗಳ ಎಪಾಕ್ಸಿ ಪ್ರೈಮರ್ ಹಾಕಿದರೆ ಬಾಳಿಕೆ ಬಹಳ ಹೆಚ್ಚು. ಎಲ್ಲ ಕಡೆ ಎಪಾಕ್ಸಿ ಹಾಕಲು ಹಣ ಸಾಲದಿದ್ದರೆ ಈ ಹಂಚಿಕೆ ನನಗೆ ಸರಿಯೆನಿಸುತ್ತದೆ. ಎರಡು ತೆಳು ಕೋಟ್ ಹಚ್ಚಿ, ಒಂದೊಂದರ ನಡುವೆ ಡಬ್ಬಿಯಲ್ಲಿ ಹೇಳಿದಷ್ಟು ಸಮಯ ಬಿಟ್ಟು, ರಾತ್ರಿಯಿಡೀ ಒಣಗಲು ಬಿಡಬೇಕು.

ತಗಡಿನ ಭಾಗಗಳು ಸಮತಟ್ಟಾಗಿವೆಯೇ ಎಂದು ನೋಡಲು ಒಣಗಿದ ಪ್ರೈಮರಿನ ಮೇಲೆ ಕಪ್ಪು ಸ್ಪ್ರೇ ಡಬ್ಬಿಯಿಂದ ದೂರದಿಂದ ಚುಕ್ಕೆಚುಕ್ಕೆಯಾಗಿ ಮಾತ್ರ ಬೀಳುವಂತೆ ಹೊಡೆಯಬೇಕು. ಅದು ಆರಿದ ಮೇಲೆ ಮರದ ಚಪ್ಪಟೆ ತುಂಡಿಗೆ ಸುತ್ತಿದ 400ರ ವಾಟರ್ ಪೇಪರಿನಿಂದ, ನೀರು ಚಿಮುಕಿಸುತ್ತ, ಓರೆಯಾಗಿ ಉಜ್ಜುತ್ತ ಹೋದಂತೆ ಎತ್ತರದ ಜಾಗಗಳಲ್ಲಿ ಕಪ್ಪು ಮೊದಲೇ ಅಳಿಸಿಹೋಗಿ ಕೆಳಗಿನ ಲೋಹ ಇಣುಕುತ್ತದೆ. ತಗ್ಗುಗಳಲ್ಲಿ ಕಪ್ಪು ಹಾಗೆಯೇ ಉಳಿಯುತ್ತದೆ. ಬರಿಗಣ್ಣಿಗೆ ನುಣುಪಾಗಿ ಕಂಡ ಬಾನೆಟ್ಟಿನ ಮೇಲೆ ಇಷ್ಟು ಅಲೆಗಳಿದ್ದವೇ ಎಂದು ಆಶ್ಚರ್ಯವಾಗುವಷ್ಟು ಸ್ಪಷ್ಟವಾಗಿ ಅವು ತೋರುತ್ತವೆ. ಕಪ್ಪು ಉಳಿದ ಕಡೆ ಇನ್ನಷ್ಟು ಪ್ರೈಮರ್ ಅಥವಾ ತೆಳು ಪುಟ್ಟಿ, ಲೋಹ ಕಂಡ ಕಡೆ ಮತ್ತೆ ಪ್ರೈಮರ್. ದುಡಿಯುವ ಟ್ರ್ಯಾಕ್ಟರಿಗೆ ಇದನ್ನು ಒಂದು ಸಲ ಮಾಡಿದರೆ ಧಾರಾಳವಾಯಿತು.

ಬಣ್ಣ ಹಚ್ಚುವುದು

ಮೊದಲು ಚಾಸಿ, ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್; ಬಿಚ್ಚಿಟ್ಟ ತಗಡಿನ ಭಾಗಗಳು ಕೊನೆಗೆ, ಪ್ರತ್ಯೇಕವಾಗಿ. ಎರಕದ ಒರಟು ಮೇಲ್ಮೈಗೆ ಸ್ಪ್ರೇಗಿಂತ ಬ್ರಷ್ಷೇ ಮೇಲು ಎಂಬುದು ನನ್ನ ಅನುಭವ. ಕುಳಿಗಳೊಳಗೆ ಬಣ್ಣವನ್ನು ಒತ್ತಿ ತುಂಬುತ್ತದೆ, ಗಾಳಿಗೆ ಏನೂ ಹೋಗುವುದಿಲ್ಲ, ಮುಚ್ಚಬೇಕಾದ ಜಾಗಗಳೂ ಕಡಿಮೆ. ಕೂದಲು ಉದುರದ ಒಳ್ಳೆಯ ಬ್ರಷ್ ಕೊಂಡು, ಬಣ್ಣಕ್ಕೆ ಸುಮಾರು 10 ಶೇಕಡಾ ಮಿನರಲ್ ಟರ್ಪೆಂಟೈನ್ ಬೆರೆಸಿ, ತೆಳುವಾಗಿ ಎರಡು ಕೋಟ್ ಬಳಿದರೆ ಕೆಲಸ ಮುಗಿಯಿತು. ಕಂಪ್ರೆಸರ್ ಇಲ್ಲದವರು ತಗಡಿನ ಭಾಗಗಳನ್ನೂ ಸ್ಪಂಜಿನ ಸಣ್ಣ ರೋಲರಿನಿಂದ ಬಳಿದು, ಹಸಿ ಇರುವಾಗಲೇ ಒಣ ಬ್ರಷ್ಷಿನ ತುದಿಯನ್ನು ಒಂದೇ ದಿಕ್ಕಿನಲ್ಲಿ ಹಗುರವಾಗಿ ಎಳೆದರೆ ರೋಲರಿನ ಗುಳ್ಳೆಗಳು ಅಳಿದು ಮಟ್ಟಸವಾದ ಮೈ ಬರುತ್ತದೆ.

ಬಣ್ಣ ತಾಗಬಾರದ ಜಾಗಗಳಿವೆ: ಹೈಡ್ರಾಲಿಕ್ ಸಿಲಿಂಡರಿನ ಹೊಳೆಯುವ ರಾಡು, ಗ್ರೀಸ್ ನಿಪ್ಪಲ್, ರಬ್ಬರ್ ಹೋಸು, ಬ್ರೀದರಿನ ತೂತು, ಬ್ಯಾಟರಿಯ ಅರ್ಥ್ ತಂತಿ ಕೂರುವ ಲೋಹ, ಬೆಲ್ಟ್ ಓಡುವ ಪುಲ್ಲಿಯ ಕಾಲುವೆ, ಬೋಲ್ಟಿನ ತಿರುಪಿನ ಎಳೆಗಳು. ಇವನ್ನು ಟೇಪು ಅಥವಾ ತೆಳುವಾಗಿ ಹಚ್ಚಿದ ಗ್ರೀಸಿನಿಂದ ರಕ್ಷಿಸಬಹುದು, ಆದರೆ ಸ್ಪ್ರೇ ಮಾಡುವಾಗ ಗ್ರೀಸಿನ ಉಪಾಯ ಬೇಡ. ರೇಡಿಯೇಟರಿನ ಎಲೆಗಳಿಗೆ ದಪ್ಪ ಬಣ್ಣ ಬಿದ್ದರೆ ಶಾಖ ಹೊರಹೋಗುವುದು ಕುಂದುತ್ತದೆ.

ಸ್ಪ್ರೇ ಮಾಡುವವರು ನೆನಪಿಡಬೇಕಾದ ಅಂಕಿಗಳು ಕೆಲವೇ. ನಾಜಲ್ ಬಣ್ಣಕ್ಕೆ 1.3ರಿಂದ 1.5, ಪ್ರೈಮರಿಗೆ 1.6ರಿಂದ 1.8 ಮಿಲಿಮೀಟರ್, ಸಾಧಾರಣ ಗನ್ನಿಗೆ ಒತ್ತಡ 40ರಿಂದ 50 ಪಿಎಸ್‌ಐ, ಗನ್ ಮತ್ತು ತಗಡಿನ ನಡುವೆ 15ರಿಂದ 25 ಸೆಂಟಿಮೀಟರ್, ಟರ್ಪೆಂಟೈನ್ 20ರಿಂದ 30 ಶೇಕಡಾ. ಗನ್ನನ್ನು ಮಣಿಕಟ್ಟಿನಿಂದ ಬೀಸದೆ ತೋಳನ್ನೇ ಸರಿಸುತ್ತ ತಗಡಿಗೆ ಸಮಾನಾಂತರವಾಗಿ ಒಯ್ಯಬೇಕು, ಪ್ರತಿ ಎಳೆತವೂ ಹಿಂದಿನದರ ಅರ್ಧವನ್ನು ಮುಚ್ಚಬೇಕು, ಅಂಚು ದಾಟಿದ ಮೇಲೆಯೇ ಗನ್ನಿನ ಟ್ರಿಗರ್ ಬಿಡಬೇಕು. ಕಂಪ್ರೆಸರಿನ ಟ್ಯಾಂಕಿನ ನೀರನ್ನು ಬಸಿದು, ಪೈಪಿಗೆ ನೀರು ತಡೆಯುವ ಫಿಲ್ಟರ್ ಹಾಕಿರಬೇಕು. ಬಣ್ಣವನ್ನು ಸೋಸದೆ ಗನ್ನಿಗೆ ಹಾಕಬಾರದು. ಮೊದಲು ಹಳೆಯ ತಗಡಿನ ಮೇಲೆ ಹೊಡೆದು ಕೈ ಪಳಗಿಸಿಕೊಳ್ಳುವುದಕ್ಕೆ ಒಂದಿಷ್ಟು ಬಣ್ಣ ಖರ್ಚಾದರೂ ಅದು ನಷ್ಟವಲ್ಲ.

ಮೊದಲ ಕೋಟ್ ಕೆಳಗಿನ ಪ್ರೈಮರ್ ಕಾಣುವಷ್ಟು ತೆಳುವಾಗಿರಲಿ. ಅದು ಅಂಟುವ ಹದಕ್ಕೆ ಬಂದ ಮೇಲೆ ಎರಡನೆಯ ತುಂಬು ಕೋಟ್. ಹದ ತಿಳಿಯಲು ಭಾಗವನ್ನು ಮುಟ್ಟದೆ ಪಕ್ಕದ ಮಾಸ್ಕಿಂಗ್ ಟೇಪಿನ ಮೇಲೆ ಬಿದ್ದ ಬಣ್ಣವನ್ನು ಬೆರಳಿನಿಂದ ಒತ್ತಿ ನೋಡಬೇಕು: ಬೆರಳಿಗೆ ಜಿಗುಟಾಗಬೇಕು, ಆದರೆ ಬೆರಳೆತ್ತಿದಾಗ ಎಳೆ ಬರಬಾರದು. ಮೂರನೆಯ ಕೋಟ್ ಬೇಕೆನಿಸಿದರೆ ಅದೇ ದಿನ, ಡಬ್ಬಿ ಹೇಳುವ ಅವಧಿಯೊಳಗೆ ಹಾಕಬೇಕು. ಆ ಅವಧಿ ಮೀರಿದರೆ, ಅರ್ಧ ಗಟ್ಟಿಯಾದ ಎನಾಮೆಲ್ ಮೇಲೆ ಹೊಸ ಕೋಟಿನ ದ್ರಾವಕ ಇಳಿದು ಸುಕ್ಕು ಏಳುತ್ತದೆ. ಪೂರ್ತಿ ಒಣಗುವವರೆಗೆ ಕಾದು, ಉಜ್ಜಿ, ಆಮೇಲೆ ಹಾಕುವುದೊಂದೇ ದಾರಿ.

ಗಾಳಿ ಕಡಿಮೆಯಿರುವ, ಒಣ ಹವೆಯ ಬೆಳಗಿನ ಹೊತ್ತು ಒಳ್ಳೆಯದು, ಆದರೆ ಇಬ್ಬನಿ ಪೂರ್ತಿ ಆರಿ ಲೋಹ ಬೆಚ್ಚಗಾಗಿರಬೇಕು. ಸುಡುಬಿಸಿಲಿನಲ್ಲಿ ಕಾದ ತಗಡಿನ ಮೇಲೆ ಬಣ್ಣ ಹರಿಯುವ ಮೊದಲೇ ಒಣಗುತ್ತದೆ. ಆರ್ದ್ರತೆ 85 ಶೇಕಡಾ ದಾಟಿದ ದಿನ ಕೆಲಸ ನಿಲ್ಲಿಸಬೇಕು. ನೆಲಕ್ಕೆ ನೀರು ಚಿಮುಕಿಸಿದರೆ ಧೂಳೇಳುವುದಿಲ್ಲ. ಧೂಳಿನ ಬಟ್ಟೆಮುಖವಾಡ ದ್ರಾವಕದ ಆವಿಯನ್ನು ತಡೆಯುವುದಿಲ್ಲ, ಸಕ್ರಿಯ ಇದ್ದಿಲಿನ ಕಾರ್ಟ್ರಿಜ್ ಇರುವ ರೆಸ್ಪಿರೇಟರೇ ಬೇಕು. ಬೆಂಕಿ, ಕಿಡಿ, ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು. ಎನಾಮೆಲ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅವು ಒಣಗುವಾಗ ತಾವೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಹರವಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ಬಣ್ಣ ಸೋರಿ ಇಳಿದರೆ ಹಸಿಯಲ್ಲಿ ಒರೆಸಲು ಹೋಗಬಾರದು. ಪೂರ್ತಿ ಗಟ್ಟಿಯಾದ ಮೇಲೆ 600ರ ಕಾಗದದಿಂದ ಸವೆಸಿ ಆ ಭಾಗಕ್ಕಷ್ಟೇ ಮತ್ತೊಂದು ಕೋಟ್ ಹಾಕಬಹುದು. ಬಣ್ಣ ಅಲ್ಲಲ್ಲಿ ವೃತ್ತಾಕಾರವಾಗಿ ಸರಿದು ಮೀನಿನ ಕಣ್ಣಿನಂಥ ಕುಳಿಗಳು ಬಿದ್ದರೆ ಕೆಳಗೆ ಎಣ್ಣೆಯೋ ಸಿಲಿಕೋನ್ ಪಾಲಿಶೋ ಇತ್ತೆಂದು ತಿಳಿಯಬೇಕು. ಕಿತ್ತಳೆ ಸಿಪ್ಪೆಯಂಥ ಮೈ ಬಂದರೆ ಬಣ್ಣ ಮಂದವಾಗಿದೆ ಅಥವಾ ಒತ್ತಡ ಸಾಲದು. ಕೈಗೆ ಮರಳಿನಂತೆ ಒರಟಾದರೆ ಗನ್ ದೂರವಾಗಿದೆ.

ಸೈಲೆನ್ಸರ್ ಮತ್ತು ಚಕ್ರಗಳು

ಸೈಲೆನ್ಸರ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಸಾಮಾನ್ಯ ಎನಾಮೆಲ್ ಹಚ್ಚಿದರೆ ಮೊದಲ ದಿನವೇ ಸುಟ್ಟು ಹೊಗೆಯಾಗುತ್ತದೆ. ಅಲ್ಲಿಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ತಾಳುವ ಸಿಲಿಕೋನ್ ಆಧಾರಿತ ಬಣ್ಣ ಬೇಕು. ಅದನ್ನು ಸಾಮಾನ್ಯವಾಗಿ ಪ್ರೈಮರ್ ಇಲ್ಲದೆ ನೇರ ಲೋಹದ ಮೇಲೆ ತೆಳುವಾಗಿ ಹಚ್ಚಿ, ಎಂಜಿನ್ನನ್ನು ಮೊದಲು ಸ್ವಲ್ಪ ಹೊತ್ತು, ತಣ್ಣಗಾದ ಮೇಲೆ ಇನ್ನಷ್ಟು ಹೊತ್ತು ಓಡಿಸಿ ಹಂತಹಂತವಾಗಿ ಬೇಯಿಸಬೇಕು.

ಚಕ್ರದ ರಿಮ್ ಬಿಚ್ಚುವ ಮೊದಲು ಟೈರಿನ ಗಾಳಿಯನ್ನು ಪೂರ್ತಿ ತೆಗೆಯಬೇಕು. ಭಾರಕ್ಕಾಗಿ ಟೈರಿನಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ತುಂಬಿಸಿದ್ದರೆ ವಾಲ್ವಿನ ಸುತ್ತಲ ಕಬ್ಬಿಣವನ್ನು ವಿಶೇಷವಾಗಿ ನೋಡಬೇಕು, ಅದು ಉಪ್ಪಿನಂತೆಯೇ ಲೋಹವನ್ನು ತಿನ್ನುತ್ತದೆ. ರಿಮ್ ಮತ್ತು ಹಬ್ ಒಂದಕ್ಕೊಂದು ಕೂಡುವ ಮುಖಗಳಲ್ಲಿ ತೆಳು ಪ್ರೈಮರಿಗಿಂತ ಹೆಚ್ಚು ಇರಬಾರದು. ದಪ್ಪ ಬಣ್ಣ ಒತ್ತಡಕ್ಕೆ ನಜ್ಜಾಗಿ ನಟ್ಟುಗಳು ಸಡಿಲವಾಗುತ್ತವೆ. ಆದ್ದರಿಂದ ಜೋಡಿಸಿದ ಮೇಲೆ ಕೆಲವು ಗಂಟೆ ಓಡಿಸಿ ಎಲ್ಲ ನಟ್ಟುಗಳನ್ನು ಮತ್ತೆ ಬಿಗಿ ಮಾಡಬೇಕು, ಮಾರನೆಯ ದಿನ ಇನ್ನೊಮ್ಮೆ ನೋಡಬೇಕು.

ಮರುಜೋಡಣೆ

ಎನಾಮೆಲ್ ಒಂದು ದಿನದಲ್ಲಿ ಮುಟ್ಟಲು ಒಣಗಿದಂತೆ ಕಂಡರೂ ಒಳಗಿನಿಂದ ಗಟ್ಟಿಯಾಗಲು ಕೆಲವು ವಾರಗಳು ಬೇಕು. ತಗಡಿನ ಭಾಗಗಳನ್ನು ಕನಿಷ್ಠ ಒಂದು ವಾರ ನೆರಳಿನಲ್ಲಿ ತೂಗುಹಾಕಿದ್ದು ಆಮೇಲೆ ಜೋಡಿಸಿದರೆ ಬೋಲ್ಟಿನ ಸುತ್ತ ಬಣ್ಣ ಮಡಚಿಕೊಳ್ಳುವುದಿಲ್ಲ. ಬೋಲ್ಟಿನ ತಲೆಯ ಕೆಳಗೆ ಚಪ್ಪಟೆ ವಾಷರ್, ತಗಡು ತಗಡಿಗೆ ಉಜ್ಜುವ ಕಡೆ ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಇಡಬೇಕು. ಅರ್ಥ್ ತಂತಿಯ ಜಾಗ ಹೊಳೆಯುವ ಲೋಹವೇ ಆಗಿರಬೇಕು. ಬಣ್ಣ ಬಳಿದ ನಂತರ ಸ್ಟಾರ್ಟರ್ ತಿರುಗದೆ ಹೋದರೆ ಮೊದಲು ನೋಡಬೇಕಾದದ್ದು ಅದನ್ನೇ. ಬ್ಯಾಟರಿಗೆ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ.

ಸ್ಟಿಕ್ಕರುಗಳನ್ನು ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲು ಅಂಟಿಸಿದರೆ ಕೆಳಗಿನ ದ್ರಾವಕದ ಆವಿ ಹೊರಬರಲಾಗದೆ ಗುಳ್ಳೆ ಏಳುತ್ತದೆ. ಮೂರ್ನಾಲ್ಕು ವಾರ ಕಾದು, ಬರೆದಿಟ್ಟ ಅಳತೆಯಂತೆ ಗುರುತು ಹಾಕಿ, ಸೋಪಿನ ನೀರು ಚಿಮುಕಿಸಿದ ಮೇಲೆ ಸ್ಟಿಕ್ಕರನ್ನು ಕೂರಿಸಿದರೆ ಸರಿಯಾದ ಜಾಗಕ್ಕೆ ಸರಿಸಲು ಅವಕಾಶವಿರುತ್ತದೆ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ರಬ್ಬರ್ ಪಟ್ಟಿಯಿಂದ ನೀರನ್ನು ಹಿಂಡಬೇಕು. ಆ ಮೊದಲ ವಾರಗಳಲ್ಲಿ ಪ್ರೆಷರ್ ವಾಷರ್, ಮೇಣದ ಪಾಲಿಶ್ ಎರಡೂ ಬೇಡ, ಚೆಲ್ಲಿದ ಡೀಸೆಲನ್ನು ತಕ್ಷಣ ಒರೆಸಬೇಕು. ಮಿಕ್ಕ ಬಣ್ಣವನ್ನು ಅದು ತುಂಬುವಷ್ಟೇ ಅಳತೆಯ ಸಣ್ಣ ಡಬ್ಬಿಗೆ ಸುರಿದು, ಮುಚ್ಚಳ ಬಿಗಿದು, ಛಾಯೆಯ ಸಂಖ್ಯೆ, ಬಳಸಿದ ಥಿನ್ನರಿನ ಹೆಸರು ಮತ್ತು ಪ್ರಮಾಣವನ್ನು ಮೇಲೆ ಬರೆದಿಡಬೇಕು. ನೇಗಿಲು ಜೋಡಿಸುವಾಗ ಬೀಳುವ ಮೊದಲ ಗೀರಿಗೆ ಅಂದೇ ಸಣ್ಣ ಬ್ರಷ್ಷಿನಿಂದ ತೇಪೆ ಹಾಕಲು ಅದು ಬೇಕಾಗುತ್ತದೆ.